ಹ್ಯಾಮ್‌ಸ್ಟರ್ ಹೆತ್ತ ಮರಿಗಳನ್ನೇ ಏಕೆ ತಿನ್ನುತ್ತದೆ? (ಕಲಬುರಗಿಯಲ್ಲಿ ಒಂದೇ ಪಂಜರದಲ್ಲಿ ಜೋಡಿ ಸಾಕಿದ್ದೇವೆ)

ಅದು ಕ್ರೌರ್ಯವಲ್ಲ, ದಿಗಿಲು. ಮನೆಗಳಲ್ಲಿ ಹೆಚ್ಚಾಗಿ ಸಾಕುವ ಸಿರಿಯನ್ ಹ್ಯಾಮ್‌ಸ್ಟರ್ ಇಲಿಯಂಥ, ಒಂಟಿಯಾಗಿ ಬಾಳುವ ಪುಟ್ಟ ಪ್ರಾಣಿ. ಕೂಡಿಸಲು ಮಾತ್ರ ಗಂಡನ್ನು ಬಿಟ್ಟು, ತಕ್ಷಣ ಬೇರೆ ಮಾಡಬೇಕು. ಗರ್ಭಾವಧಿ 16ರಿಂದ 18 ದಿನ. ಮರಿಗಳು ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡೇ ಹುಟ್ಟುತ್ತವೆ. ಆಗ ಗೂಡಿಗೆ ಕೈ ಹಾಕಿದರೆ, ಗದ್ದಲವಾದರೆ, ನೀರು ಅಥವಾ ಪ್ರೋಟೀನ್ ಸಾಲದಿದ್ದರೆ ತಾಯಿ ಮರಿಗಳನ್ನು ತಿಂದುಬಿಡಬಹುದು. ಮೊದಲ ಎರಡು ವಾರ ದಯವಿಟ್ಟು ಮುಟ್ಟಬೇಡಿ. ಬೇಯಿಸಿದ ಮೊಟ್ಟೆಯ ಚೂರು ಕೊಡಿ.

ಬಾಯಲ್ಲಿ ಮರಿ ಕಂಡರೆ ತಿಂದಿತೆಂದೇ ಅರ್ಥವಲ್ಲ. ನಮ್ಮ ಮನೆಯ ಹೆಣ್ಣು ಒಮ್ಮೆ ಮರಿಯನ್ನು ಕೆನ್ನೆಚೀಲಕ್ಕೆ ತುಂಬಿಕೊಂಡಾಗ ನನ್ನ ಎದೆ ಧಸಕ್ಕೆಂದಿತ್ತು. ಅದು ಇನ್ನೊಂದು ಮೂಲೆಗೆ ಹೋಗಿ, ಹುಲ್ಲು ಸರಿಸಿ, ಮರಿಯನ್ನು ಮೆಲ್ಲನೆ ಹೊರಗಿಟ್ಟಿತು.

ನಮ್ಮೂರಿನ ಬೇಸಿಗೆಯೂ ದೊಡ್ಡ ಶತ್ರು. ಇವುಗಳಿಗೆ 20ರಿಂದ 24 ಡಿಗ್ರಿ ಹಿತ; ಇಲ್ಲಿ ಮೇ ತಿಂಗಳಲ್ಲಿ 40 ದಾಟುತ್ತದೆ. ಆಗ ಮರಿ ಮಾಡಿಸಲೇಬೇಡಿ. ಪಂಜರವನ್ನು ನೆಲಮಹಡಿಯ ನೆರಳಿನಲ್ಲಿಟ್ಟು, ಒಳಗೊಂದು ತಣ್ಣನೆಯ ಶಹಾಬಾದ್ ಕಲ್ಲಿನ ತುಂಡು ಇಡಿ. ಕೂಲರ್ ಗಾಳಿ ನೇರವಾಗಿ ಬೀಸದಿರಲಿ.

ನಾಲ್ಕು ವಾರವಾಗುವಷ್ಟರಲ್ಲಿ ಗಂಡು ಹೆಣ್ಣು ಮರಿಗಳನ್ನು ಬೇರ್ಪಡಿಸಿ, ಅವು ಅಷ್ಟು ಬೇಗ ಪ್ರಾಯಕ್ಕೆ ಬರುತ್ತವೆ.