ಎರಡನೇ ಕೋರ್ಸ್ ಮಾಡಿದರೆ ಕಾರಿನ ಇನ್ಶೂರೆನ್ಸ್ ಇಳಿಯುತ್ತಾ?

ಪ್ರಶ್ನೆ: ನಮ್ಮದು ಗುಬ್ಬಿ. ಮಗನಿಗೆ 19 ವರ್ಷ, ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ನಾಲ್ಕು ತಿಂಗಳ ಹಿಂದೆ ಡಿಎಲ್ ಬಂತು. ಕಾರು ಯಜಮಾನರ ಹೆಸರಿನಲ್ಲಿದೆ, 1,197 ಸಿಸಿ ಪೆಟ್ರೋಲ್. ಐದು ವರ್ಷದಿಂದ ಒಂದೂ ಕ್ಲೇಮ್ ಮಾಡಿಲ್ಲ. ಈಗ ಮಗ ಡಿಫೆನ್ಸಿವ್ ಡ್ರೈವಿಂಗ್ ಅಂತ ಇನ್ನೊಂದು ಕೋರ್ಸಿಗೆ ಸೇರುತ್ತೇನೆ, 8,000 ಕೊಡು, ಸರ್ಟಿಫಿಕೇಟ್ ತೋರಿಸಿದರೆ ಇನ್ಶೂರೆನ್ಸ್ ಇಳಿಯುತ್ತೆ ಅನ್ನುತ್ತಾನೆ. ನ್ಯೂಯಾರ್ಕಿನಲ್ಲಿರುವ ನಮ್ಮ ಅಕ್ಕನ ಮಗಳು ಹಾಗೇ ಮಾಡಿ ಕಮ್ಮಿ ಮಾಡಿಸಿಕೊಂಡಳಂತೆ. ಡ್ರೈವಿಂಗ್ ಸ್ಕೂಲಿನವರೂ ಹೂಂ ಅಂದರು. ಯಜಮಾನರು ಮಾತ್ರ ಏನೂ ಹೇಳುತ್ತಿಲ್ಲ. ನಿಜವೇ?

ಉತ್ತರ: ತಾಯಿ, ನಿಮ್ಮ ಅಕ್ಕನ ಮಗಳು ಹೇಳಿದ್ದು ನಿಜ. ನಿಮ್ಮ ಮಗ ಹಾಕಿದ ಲೆಕ್ಕ ತಪ್ಪು. ಡ್ರೈವಿಂಗ್ ಸ್ಕೂಲಿನವರ ಹೂಂ ಬಗ್ಗೆ ನಾನೇನೂ ಹೇಳುವುದಿಲ್ಲ, ಅವರದು ವ್ಯಾಪಾರ.

ನ್ಯೂಯಾರ್ಕ್ ರಾಜ್ಯದಲ್ಲಿ ಮಾನ್ಯತೆ ಪಡೆದ ಅಪಘಾತ ತಡೆ ಕೋರ್ಸ್ ಮುಗಿಸಿದರೆ, ಆ ಕಾರಿನ ಮುಖ್ಯ ಚಾಲಕರಿಗೆ ಮೂರು ವರ್ಷದ ಮಟ್ಟಿಗೆ ಮೂಲ ದರದಲ್ಲಿ 10% ಇಳಿಸುವ ವ್ಯವಸ್ಥೆ ಇದೆ. ಬ್ರಿಟನ್ನಿನಲ್ಲಿ 1995ರಿಂದ 'ಪಾಸ್ ಪ್ಲಸ್' ಎಂಬ ತರಬೇತಿ ಇದೆ. ಲೈಸೆನ್ಸ್ ಬಂದ ಮೇಲೆ ಮಾಡುವಂಥದ್ದು, ಕನಿಷ್ಠ 6 ಗಂಟೆ: ಪೇಟೆ, ಮಳೆ, ಹಳ್ಳಿ ರಸ್ತೆ, ರಾತ್ರಿ, ಹೆದ್ದಾರಿ ಎಲ್ಲದರಲ್ಲೂ ಓಡಿಸಬೇಕು. ಅಲ್ಲೂ ಈಗ ಎಲ್ಲ ಕಂಪನಿಗಳು ಅದಕ್ಕೆ ರಿಯಾಯಿತಿ ಕೊಡುವುದಿಲ್ಲ. ಆದರೆ ಕೊಡುವುದಕ್ಕೊಂದು ಕಾರಣವಾದರೂ ಇದೆ. ಅಲ್ಲಿ ಪ್ರೀಮಿಯಂ ಏರುವುದೂ ಇಳಿಯುವುದೂ ಸ್ಟೀರಿಂಗ್ ಹಿಡಿದವನ ಮೇಲೆ. ಮನೆಯಲ್ಲಿ 19ರ ಹುಡುಗನ ಹೆಸರು ಪಾಲಿಸಿಗೆ ಸೇರಿದರೆ ಪ್ರೀಮಿಯಂ ಜಿಗಿಯುತ್ತದೆ. ಹಾಗೆ ಏರಿದ್ದನ್ನು ಒಂದಿಷ್ಟು ಇಳಿಸುವ ದಾರಿ ಆ ಕೋರ್ಸ್.

ನಮ್ಮಲ್ಲಿ ಪ್ರೀಮಿಯಂ ಮೊದಲು ನೋಡುವುದು ಕಾರನ್ನು. ಪಾಲಿಸಿಯಲ್ಲಿ ಎರಡು ಭಾಗ ಇರುತ್ತದೆ. ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟದ ಭಾಗ, ಅದರ ದರ ಸರ್ಕಾರವೇ ಅಧಿಸೂಚನೆ ಹೊರಡಿಸಿ ಗೊತ್ತು ಮಾಡುವುದು. 2022ರ ಜೂನ್ 1ರಂದು ಜಾರಿಗೆ ಬಂದ ಪಟ್ಟಿಯಲ್ಲಿ 1,000 ಸಿಸಿವರೆಗಿನ ಕಾರಿಗೆ 2,094 ರೂಪಾಯಿ, 1,000ದಿಂದ 1,500 ಸಿಸಿಗೆ 3,416, ಅದಕ್ಕೂ ಮೇಲೆ 7,897. ನಿಮ್ಮ ಮಗ ಓಡಿಸಿದರೂ ಅಷ್ಟೇ, ಮೂವತ್ತು ವರ್ಷ ಬಸ್ಸು ಓಡಿಸಿ ರಿಟೈರ್ ಆದವರು ಓಡಿಸಿದರೂ ಅಷ್ಟೇ.

ಇನ್ನೊಂದು ಭಾಗ ಓನ್ ಡ್ಯಾಮೇಜ್, ಅಂದರೆ ನಮ್ಮ ಗಾಡಿಗೇ ಆದ ನಷ್ಟ. ಇದರ ಲೆಕ್ಕ ಐಡಿವಿ (ವಿಮೆಗೆಂದು ಗಾಡಿಗೆ ಕಟ್ಟಿದ ಬೆಲೆ), ಸಿಸಿ, ಗಾಡಿಯ ವಯಸ್ಸು ಮತ್ತು ರಿಜಿಸ್ಟರ್ ಆದ ಊರಿನ ಮೇಲೆ. ಬೆಂಗಳೂರು ಸೇರಿ ಎಂಟು ಮಹಾನಗರಗಳು ಎ ವಲಯ, ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಬಿ ವಲಯ. ಹಳೆಯ ದರಪಟ್ಟಿಯಲ್ಲಿ ಐದು ವರ್ಷದೊಳಗಿನ ನಿಮ್ಮಂಥ ಕಾರಿಗೆ ಬೆಂಗಳೂರಿನಲ್ಲಿ ಐಡಿವಿಯ 3.283%, ಇಲ್ಲಿ 3.191%. ಕೆಎ-06 ನಂಬರಿನ ಒಂದು ಸಣ್ಣ ಲಾಭ ಅದು. 2007ರಿಂದ ಕಂಪನಿಗಳು ತಮ್ಮ ದರ ತಾವೇ ಇಡಬಹುದು, ಆದರೂ ಲೆಕ್ಕದ ಚೌಕಟ್ಟು ಬಹುಮಟ್ಟಿಗೆ ಇದೇ. ಆ ಹಳೆಯ ಪಟ್ಟಿಯಲ್ಲಿ ರಿಯಾಯಿತಿಗಳೂ ಇದ್ದವು: ಆಟೊಮೊಬೈಲ್ ಸಂಘದ ಸದಸ್ಯರಾದರೆ 5%, ಹೆಚ್ಚೆಂದರೆ 200 ರೂಪಾಯಿ. ಮಾನ್ಯತೆ ಪಡೆದ ಕಳ್ಳತನ ತಡೆ ಸಾಧನ ಹಾಕಿಸಿದರೆ 2.5%, ಹೆಚ್ಚೆಂದರೆ 500. ಬಾಗಿಲು ಮುಟ್ಟಿದರೆ ಕಿರುಚಿಕೊಳ್ಳುವ ಅಲಾರಂಗೆ ರಿಯಾಯಿತಿ ಇತ್ತು, ನೆಟ್ಟಗೆ ಓಡಿಸಲು ಕಲಿತ ಹುಡುಗನಿಗೆ ಇರಲಿಲ್ಲ. ಇವತ್ತಿಗೂ ಆ ಸರ್ಟಿಫಿಕೇಟ್ ಹಿಡಿದು ಬ್ರಾಂಚಿಗೆ ಹೋದರೆ, ಕೌಂಟರಿನವರು ಅದನ್ನು ನೋಡಿ ವಾಪಸ್ ಕೊಡುತ್ತಾರೆ, ಅಷ್ಟೇ.

ಇಷ್ಟು ಓದಿ 8,000 ಉಳಿಯಿತು ಅಂದುಕೊಳ್ಳಬೇಡಿ. ಕೊಡಿ ಅನ್ನುವವನು ನಾನು. ಯಜಮಾನರು ಯಾಕೆ ಸುಮ್ಮನಿದ್ದಾರೆ ಅನ್ನುವುದೂ ನನಗೆ ಅರ್ಥವಾಗುತ್ತದೆ.

ಐದು ವರ್ಷ ಕ್ಲೇಮ್ ಇಲ್ಲ ಅಂದಿರಿ. ಹಾಗಾದರೆ ಅವರ ನೋ ಕ್ಲೇಮ್ ಬೋನಸ್, ಎಲ್ಲರೂ ಎನ್‌ಸಿಬಿ ಅನ್ನುತ್ತೇವಲ್ಲ ಅದು, ತುದಿ ಮುಟ್ಟಿದೆ: 50%. ಓನ್ ಡ್ಯಾಮೇಜ್ ಪ್ರೀಮಿಯಂ 10,000 ಇದೆ ಎಂದು ಇಟ್ಟುಕೊಳ್ಳಿ, ಅವರು ಕಟ್ಟುತ್ತಿರುವುದು 5,000. ಮಗ ಒಂದು ದಿನ ಗೇಟಿನ ಕಂಬಕ್ಕೆ ಹಿಂದಿನ ಬಂಪರ್ ತಾಗಿಸಿದ. ಬಂಪರ್ 5,000, ಪೇಂಟಿಂಗ್ 4,000, ಒಟ್ಟು 9,000 ಬಿಲ್. ಬಂಪರ್ ಪ್ಲಾಸ್ಟಿಕ್ಕಿನದು, ಅದಕ್ಕೆ ಅರ್ಧ ಸವಕಳಿ ಕಳೆದು 2,500 ಸಿಗುತ್ತದೆ. ಪೇಂಟಿಂಗ್ ಬಿಲ್ಲಿನಲ್ಲಿ ಕಾಲು ಭಾಗ ಬಣ್ಣದ ಬೆಲೆ ಎಂದು ಹಿಡಿದು ಅದರಲ್ಲೂ ಅರ್ಧ ಕಳೆಯುತ್ತಾರೆ, 3,500 ಉಳಿಯಿತು. ಒಟ್ಟು 6,000. 1,500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ನಾವೇ ಹೊರಬೇಕಾದ 1,000 ಕಳೆದರೆ ಕೈಗೆ ಬಂದದ್ದು 5,000.

ಈಗ ಕೈಯಿಂದ ಹೋದದ್ದು ನೋಡಿ. ಮುಂದಿನ ವರ್ಷ ಎನ್‌ಸಿಬಿ ಸೊನ್ನೆ, 10,000 ಕಟ್ಟಬೇಕು. ಆಮೇಲೆ ಮತ್ತೆ ಮೆಟ್ಟಿಲು ಹತ್ತಬೇಕು: 20, 25, 35, 45, 50. ವರ್ಷಕ್ಕೆ 5,000 ಕಟ್ಟುತ್ತಿದ್ದ ಕಡೆ 10,000, 8,000, 7,500, 6,500, 5,500. ಹೆಚ್ಚಿಗೆ ಕಟ್ಟಿದ್ದು 12,500, ಅದರ ಮೇಲೆ 18% ಜಿಎಸ್‌ಟಿ ಸೇರಿ 14,750. ಗಾಡಿ ಹಳೆಯದಾದಂತೆ ಐಡಿವಿ ಇಳಿದು ಈ ಮೊತ್ತ ಒಂದಿಷ್ಟು ಕಮ್ಮಿಯಾದೀತು. ಆದರೂ ಐದು ಸಾವಿರ ತರಲು ಹೋಗಿ ಅದರ ಎರಡರಷ್ಟಕ್ಕೂ ಮೇಲೆ ತೆತ್ತಂತೆ ಆಯಿತು.

ಕ್ಲೇಮ್ ಬಂದ ಗಾಡಿಗಳ ನಷ್ಟ ಅಳೆಯುವ ವಿಮಾ ಸರ್ವೇಯರ್ ಆಗಿ ಇಪ್ಪತ್ತೆರಡು ವರ್ಷ ಈ ಕಡೆಯ ಗ್ಯಾರೇಜುಗಳನ್ನು ಸುತ್ತಿದ್ದೇನೆ. ಎನ್‌ಸಿಬಿ ಅಪ್ಪನದು, ಡೆಂಟು ಮಗನದು, ಕ್ಲೇಮ್ ಫಾರಂ ತುಂಬುವವರು ಏಜೆಂಟ್. ಈ ಲೆಕ್ಕ ಮೂವರಲ್ಲಿ ಒಬ್ಬರೂ ಹಾಕಿರುವುದಿಲ್ಲ.

ಅಂದಮೇಲೆ ಆ ಕೋರ್ಸ್ ಒಂದೇ ಒಂದು ಬಂಪರ್ ಉಳಿಸಿದರೂ ಫೀಸು ಹುಟ್ಟಿತು. ಆದರೆ ಉಳಿಸುವಂಥ ಕೋರ್ಸ್ ಆಗಿರಬೇಕಲ್ಲ, ಅದಕ್ಕೆ ದುಡ್ಡು ಕೊಡುವ ಮುಂಚೆ ಏನು ಕಲಿಸುತ್ತೀರಿ ಅಂತ ಕೇಳಿ. ಬೆಳಗ್ಗೆ ಆರಕ್ಕೆ ಖಾಲಿ ರೋಡಿನಲ್ಲಿ ಅರ್ಧ ಗಂಟೆ, ಹಿಂದಿನ ಸೀಟಿನಲ್ಲಿ ಇನ್ನಿಬ್ಬರು ಸರದಿ ಕಾಯುತ್ತಾ, ಪಕ್ಕದಲ್ಲಿ ಗುರುಗಳು ಫೋನಿನಲ್ಲಿ. ಅದನ್ನು ನಿಮ್ಮ ಮಗ ಈಗಾಗಲೇ ಒಮ್ಮೆ ಮಾಡಿ ಮುಗಿಸಿದ್ದಾನೆ. ಎರಡನೇ ಸಲಕ್ಕೆ ಅದೇ ಆದರೆ ಬೇಡ. ಕೇಂದ್ರ ಸರ್ಕಾರ 2021ರ ಜುಲೈ 1ರಿಂದ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳಿಗೆ ನಿಯಮ ತಂದಿದೆ. ಲಘು ವಾಹನಕ್ಕೆ ನಾಲ್ಕು ವಾರದಲ್ಲಿ 29 ಗಂಟೆ: 8 ಗಂಟೆ ಪಾಠ, 21 ಗಂಟೆ ಗಾಡಿ ಓಡಿಸುವುದು. ಅಲ್ಲಿ ಪಾಸಾದ ಹೊಸಬರಿಗೆ ಆರ್‌ಟಿಒ ಟೆಸ್ಟಿನಿಂದ ವಿನಾಯಿತಿ ಇದೆ. ಲೈಸೆನ್ಸ್ ಇರುವವರಿಗೆ ರಿಫ್ರೆಶರ್ ತರಬೇತಿ ಕೊಡಲೂ ಅವಕಾಶವಿದೆ. ಆ 21 ಗಂಟೆಯನ್ನು ಅಳತೆಗೋಲು ಮಾಡಿಕೊಂಡು ನಿಮ್ಮ ಊರಿನ ಸ್ಕೂಲನ್ನು ಅಳೆಯಿರಿ.

ನನ್ನನ್ನು ಕೇಳಿದರೆ, ಗುಬ್ಬಿ–ತುಮಕೂರು ನಡುವೆ ಓಡಾಡುವ ಹುಡುಗನಿಗೆ ಕಲಿಸಬೇಕಾದ್ದು ಇವು. ರಾತ್ರಿ ಎಂಟರ ಮೇಲೆ ಹೆದ್ದಾರಿ. ಎದುರಿನ ಹೈಬೀಮಿಗೆ ಕಣ್ಣು ಕತ್ತಲೆ ಬಂದಾಗ, ಮುಂದೆ ಟೇಲ್ ಲ್ಯಾಂಪ್ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಇರಬಹುದು ಎಂದುಕೊಂಡೇ ಓಡಿಸುವುದು. ಸರ್ವಿಸ್ ರೋಡಿನಿಂದ ಕ್ಯಾತ್ಸಂದ್ರದ ಹತ್ತಿರ ಲಾರಿಗಳ ಸಾಲಿಗೆ ಸೇರಿಕೊಳ್ಳುವುದು. ದೇವರಾಯನದುರ್ಗದ ಇಳಿಜಾರನ್ನು ಬ್ರೇಕ್ ತುಳಿಯುತ್ತಲೇ ಇಳಿಯದೆ ಎರಡನೇ ಗೇರಿನಲ್ಲಿ ಇಳಿಯುವುದು. 80ರ ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಫೋನ್ ನೋಡಿ ತಲೆ ಎತ್ತುವ ಮೂರು ಸೆಕೆಂಡಿನಲ್ಲಿ 66 ಮೀಟರ್ ಕಣ್ಣು ಮುಚ್ಚಿ ಓಡಿಸಿದ ಹಾಗೆ, ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಮೈದಾನದಲ್ಲಿ ಹೆಜ್ಜೆ ಹಾಕಿಸಿ ತೋರಿಸಬೇಕು. ಆಮೇಲೆ ನಮ್ಮ ಒಕ್ಕಣೆ! ಸುಗ್ಗಿ ಬಂದರೆ ರಾಗಿ, ಹುರುಳಿ ಎಲ್ಲಾ ಡಾಂಬರು ರಸ್ತೆಯ ಮೇಲೇ. ಅದರ ಮೇಲೆ ಜೋರಾಗಿ ಬ್ರೇಕ್ ಹಾಕಿದರೆ ಗಾಡಿ ಜಾರುತ್ತದೆ, ಒಣ ಸೊಪ್ಪು ಅಡಿಯಲ್ಲಿ ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿದರೆ ಬೆಂಕಿಯೂ ಹೊತ್ತಿಕೊಳ್ಳುತ್ತದೆ. ಇದು ಬ್ರಿಟನ್ನಿನ ಯಾವ ಪಾಠದಲ್ಲೂ ಇರಲಾರದು.

ಓಡಿಸುವ ರೀತಿಗೇ ರಿಯಾಯಿತಿ ಬೇಕು ಎಂದು ಮಗ ಹಟ ಹಿಡಿದರೆ ಅದಕ್ಕೂ ಒಂದು ಕಿಟಕಿ ತೆರೆದಿದೆ. ವಿಮಾ ನಿಯಂತ್ರಣ ಪ್ರಾಧಿಕಾರ 2022ರ ಜುಲೈನಲ್ಲಿ, ಓಡಿದ ಕಿಲೋಮೀಟರ್ ಮೇಲೆ ಮತ್ತು ಓಡಿಸಿದ ರೀತಿಯ ಮೇಲೆ ಪ್ರೀಮಿಯಂ ಹಾಕುವ ಆ್ಯಡ್-ಆನ್‌ಗಳಿಗೆ, ಅಂದರೆ ಪಾಲಿಸಿಗೆ ಬೇಕಾದರೆ ಸೇರಿಸಿಕೊಳ್ಳುವ ಸೌಲಭ್ಯಗಳಿಗೆ, ಒಪ್ಪಿಗೆ ಕೊಟ್ಟಿತು. ಗಾಡಿಯಲ್ಲಿ ಕೂರಿಸಿದ ಸಾಧನ ಅಥವಾ ಮೊಬೈಲ್ ಆ್ಯಪ್ ವೇಗ, ಬ್ರೇಕ್ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಸರ್ಟಿಫಿಕೇಟ್ ತೋರಿಸುವ ಹಾಗಿಲ್ಲ, ಓಡಿಸಿಯೇ ತೋರಿಸಬೇಕು. ರಿನ್ಯೂವಲ್ ಸಮಯದಲ್ಲಿ ನಿಮ್ಮ ಕಂಪನಿಯಲ್ಲಿ ಇದೆಯೇ ಎಂದು ವಿಚಾರಿಸಿ. ಅದರ ಜೊತೆಗೆ ಎನ್‌ಸಿಬಿ ಪ್ರೊಟೆಕ್ಟ್ ಎಂಬ ಆ್ಯಡ್-ಆನ್ ಕೇಳಿ, ಹೊಸ ಚಾಲಕ ಇರುವ ಮನೆಗೆ ಮೊದಲ ಎರಡು ವರ್ಷ ಅದು ಬೇಕು. ಎಷ್ಟು ಕ್ಲೇಮ್‌ವರೆಗೆ ಬೋನಸ್ ಉಳಿಯುತ್ತದೆ ಎಂಬುದನ್ನು ಮಾತ್ರ ಬರವಣಿಗೆಯಲ್ಲಿ ಓದಿಕೊಳ್ಳಿ.

ನೀವು ಕೇಳದ ಒಂದು ವಿಷಯ. ಪಾಲಿಸಿಯಲ್ಲಿರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಮಾಲೀಕ-ಚಾಲಕನಿಗೆ, ಅಂದರೆ ಯಜಮಾನರಿಗೆ. ಅವರ ಕಾರನ್ನು ಮಗ ಓಡಿಸುವಾಗ ಅವನಿಗೆ ಅದು ಅನ್ವಯಿಸುವುದಿಲ್ಲ. ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ ಬೇರೆಯವರ ಬೈಕ್ ಕೇಳಿ ಪಡೆದು ಹೋಗುತ್ತಿದ್ದವರೊಬ್ಬರು ಎತ್ತಿನಗಾಡಿಗೆ ಡಿಕ್ಕಿಯಾಗಿ ತೀರಿಕೊಂಡ ಪ್ರಕರಣದಲ್ಲಿ, 2009ರಲ್ಲಿ ಸುಪ್ರೀಂ ಕೋರ್ಟ್, ಗಾಡಿ ಕೇಳಿ ಪಡೆದವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ಆದ್ದರಿಂದ ತಪ್ಪು ಯಾರದೆಂದು ನೋಡದೆ ಕೊಡುತ್ತಿದ್ದ, ಮೋಟಾರು ವಾಹನ ಕಾಯ್ದೆಯ ಆಗಿನ 163ಎ ಕಲಮಿನ ಪರಿಹಾರ ಅವನ ಮನೆಯವರಿಗೆ ಸಿಗದು ಎಂದಿತು. ಮಗನ ಹೆಸರು ನಮೂದಿಸಿ ಬೇರೆ ಅಪಘಾತ ವಿಮೆ ಸೇರಿಸಿಕೊಡಿ ಎಂದು ಕೇಳಿ. ಕೋರ್ಸಿಗೂ ಮುಂಚೆ ಆಗಬೇಕಾದ ಕೆಲಸ ಇದು.

ಪ್ರಶ್ನೆ: ಮಗಳಿಗೆ ಎಲ್‌ಎಲ್‌ಆರ್ ಆಗಿದೆ. ಚಿಂತಾಮಣಿಯಲ್ಲಿ ನಮ್ಮ ಸ್ವಂತ ಕಾರಿನಲ್ಲೇ ನಾನು ಕಲಿಸುತ್ತಿದ್ದೇನೆ. ಏನಾದರೂ ಆದರೆ ಇನ್ಶೂರೆನ್ಸ್ ಬರುತ್ತದೆಯೇ?

ಉತ್ತರ: ಬರುತ್ತದೆ, ನಿಯಮ ಪಾಲಿಸಿದ್ದರೆ. ಡಿಎಲ್ ಇರುವ ನೀವು ಪಕ್ಕದ ಸೀಟಿನಲ್ಲೇ, ಗಾಡಿ ನಿಲ್ಲಿಸಲು ಕೈಗೆಟಕುವ ಹಾಗೆ ಕೂತಿರಬೇಕು. ಹಿಂದೆ ಮುಂದೆ ಬಿಳಿ ಫಲಕದ ಮೇಲೆ ಕೆಂಪು 'ಎಲ್' ಇರಬೇಕು. ಫಲಕ 18 ಸೆಂಟಿಮೀಟರ್ ಚೌಕ, ಅಕ್ಷರ 10 ಸೆಂಟಿಮೀಟರ್ ಎತ್ತರ, ಇದಕ್ಕಿಂತ ಚಿಕ್ಕದಾಗಬಾರದು. ರಟ್ಟಿನ ಮೇಲೆ ಪೆನ್ನಲ್ಲಿ ಗೀಚಿ ಗಾಜಿನೊಳಗೆ ಒರಗಿಸಿಟ್ಟಿದ್ದನ್ನು ನಾನೇ ಫೋಟೊ ತೆಗೆದಿದ್ದುಂಟು. ಎಲ್‌ಎಲ್‌ಆರ್ ಆರು ತಿಂಗಳಷ್ಟೇ, ದಿನಾಂಕ ನೋಡಿಕೊಳ್ಳಿ.

ಪ್ರಶ್ನೆ: ಕೋಲಾರ. ನನಗೆ 22. ಸೋದರಮಾವನ ಹಳೆ ಕಾರು ಕೊಂಡೆ. ಇನ್ನೂ ಎಂಟು ತಿಂಗಳು ಇನ್ಶೂರೆನ್ಸ್ ಇದೆ, 45% ಎನ್‌ಸಿಬಿ ಬೇರೆ. ಹಾಗೇ ಬಿಟ್ಟರೆ ಆಗದೇ?

ಉತ್ತರ: ಆಗದು. ಕಾರು ನಿಮ್ಮದಾಯಿತು, ಎನ್‌ಸಿಬಿ ಮಾವನದೇ. ಗಾಡಿ ಕೈ ಬದಲಾದ 14 ದಿನದೊಳಗೆ ಪಾಲಿಸಿ ವರ್ಗಾವಣೆಗೆ ಅರ್ಜಿ ಕೊಟ್ಟು, ಅಷ್ಟು ತಿಂಗಳ ಎನ್‌ಸಿಬಿ ವ್ಯತ್ಯಾಸ ಕಟ್ಟಿ. ಕಟ್ಟದೆ ಬಿಟ್ಟರೆ ಥರ್ಡ್ ಪಾರ್ಟಿ ನಡೆಯುತ್ತದೆ, ನಿಮ್ಮ ಗಾಡಿಯ ಡ್ಯಾಮೇಜಿಗೆ ಬಿಡಿಗಾಸೂ ಹುಟ್ಟುವುದಿಲ್ಲ. ಮಾವನವರಿಗೆ ಹೇಳಿ: ಎನ್‌ಸಿಬಿ ಪತ್ರ ತೆಗೆದಿಟ್ಟುಕೊಂಡರೆ ಮೂರು ವರ್ಷದೊಳಗೆ ಕೊಳ್ಳುವ ಬೇರೆ ಕಾರಿಗೆ ಅದನ್ನು ಹಾಕಿಸಿಕೊಳ್ಳಬಹುದು.