ನಿಮ್ಮ ಚಾಕು, ನಿಮ್ಮ ಗುರುತು: ಓದುಗರ ಪ್ರಶ್ನೆಗಳು

ಪ್ರಶ್ನೆ: ಪುಣೆಯ ಭೋಸರಿಯಲ್ಲಿ ಕೆಲಸ ಮಾಡುತ್ತೇನೆ. ರಜೆಯಲ್ಲಿ ಹಳೇ ಲಾರಿ ಸ್ಪ್ರಿಂಗ್ ಪಟ್ಟಿಯಿಂದ ಅಡಿಗೆ ಚಾಕು ಮಾಡುತ್ತೇನೆ. ಅಲಗಿನ ಮೇಲೆ ನನ್ನ ಹೆಸರಿನ 'ರಂ' ಅಕ್ಷರ ಹಾಕಲು ಉಪ್ಪುನೀರು, 12 ವೋಲ್ಟ್ ಅಡಾಪ್ಟರ್, ನಂಬರ್ ಪ್ಲೇಟ್ ಅಂಗಡಿಯಲ್ಲಿ ಕತ್ತರಿಸಿಕೊಂಡ ವಿನೈಲ್ ಸ್ಟಿಕ್ಕರ್ ಬಳಸುತ್ತೇನೆ. ಸ್ಟಿಕ್ಕರ್ ಅಂಟಿಸಿ, ಅಡಾಪ್ಟರಿನ ಒಂದು ತಂತಿ ಅಲಗಿಗೆ, ಇನ್ನೊಂದು ಉಪ್ಪುನೀರಲ್ಲಿ ಅದ್ದಿದ ಹತ್ತಿ ಸುತ್ತಿದ ಲೋಹದ ತುಂಡಿಗೆ ಕೊಟ್ಟು, ಆ ಹತ್ತಿಯನ್ನು ಸ್ಟಿಕ್ಕರ್ ಮೇಲೆ ಒತ್ತುತ್ತೇನೆ; ಕತ್ತರಿಸಿದ ಜಾಗದಲ್ಲಿ ಕರೆಂಟ್ ಉಕ್ಕು ತಿಂದು ಅಕ್ಷರ ಮೂಡಬೇಕು. ಅಕ್ಷರ ಊದಿಕೊಂಡು ಕಲೆ ಥರ ಬರುತ್ತದೆ. 24 ವೋಲ್ಟ್ ತಂದರೆ ಸರಿಹೋಗುತ್ತಾ?

ಉತ್ತರ: ತರಬೇಡಿ ಮಾರಾಯ್ರೆ, ಇನ್ನೂ ಕೆಡುತ್ತದೆ. ಅಕ್ಷರ ಊದಿಕೊಳ್ಳೋದು ಕರೆಂಟ್ ಕಮ್ಮಿಯಾಗಿ ಅಲ್ಲ, ನೀರು ಸ್ಟಿಕ್ಕರ್ ಅಡಿಗೆ ನುಗ್ಗಿ. ಒಂದೇ ಸಮನೆ ಹತ್ತಿ ಒತ್ತಿ ಹಿಡಿದರೆ ಅಲಗು ಬಿಸಿಯಾಗುತ್ತದೆ, ಗೋಂದು ಸಡಿಲವಾಗುತ್ತದೆ, ಅಂಚು ಏಳುತ್ತದೆ, ಆಮೇಲೆ ಕರೆಂಟ್ ಅಲ್ಲೂ ಉಕ್ಕು ತಿನ್ನುತ್ತದೆ. ಮೂರ್ನಾಲ್ಕು ಸೆಕೆಂಡ್ ಒತ್ತಿ, ಎತ್ತಿ, ಸ್ವಲ್ಪ ತಣಿಯಲು ಬಿಡಿ, ಮತ್ತೆ ಒತ್ತಿ. ಹತ್ತಿಯಿಂದ ನೀರು ತೊಟ್ಟಿಕ್ಕಬಾರದು, ಒದ್ದೆಯಿದ್ದರೆ ಸಾಕು. ಕಂದು ಬಣ್ಣಕ್ಕೆ ತಿರುಗಿದರೆ ಬದಲಿಸಿ. ಹತ್ತಿ ಸವೆದು ಒಳಗಿನ ಲೋಹ ನೇರವಾಗಿ ಅಲಗಿಗೆ ತಾಗಿದರೆ ಕಿಡಿ ಹಾರಿ ಗುಂಡಿ ಬೀಳುತ್ತದೆ, ಅದನ್ನು ಉಜ್ಜಿ ತೆಗೆಯೋದು ದೊಡ್ಡ ತಲೆನೋವು.

ಸ್ಟಿಕ್ಕರ್ ಅಂಟಿಸುವ ಮುಂಚೆ ಅಸಿಟೋನ್‌ನಿಂದ ಒರೆಸಿ, ಆಮೇಲೆ ಆ ಜಾಗಕ್ಕೆ ಬೆರಳು ತಾಗಿಸಬೇಡಿ. ಅಂಚನ್ನೆಲ್ಲ ಉಗುರಿನಿಂದ ತೀಡಿ, ಸುತ್ತ ಇನ್ಸುಲೇಶನ್ ಟೇಪ್ ಸುತ್ತಿ.

ನಿಮ್ಮ 'ರಂ'ನಲ್ಲಿ ಇನ್ನೊಂದು ತೊಂದರೆ ಇದೆ. ನಮ್ಮ ಅಕ್ಷರಗಳೆಲ್ಲ ದುಂಡಗೆ, ಅಲ್ವಾ? ರ ಒಳಗಿನ ಹೊಟ್ಟೆ, ಪಕ್ಕದ ಸೊನ್ನೆಯ ಒಳಗಿನ ಚುಕ್ಕೆ ಎರಡೂ ಸ್ಟಿಕ್ಕರ್‌ನಲ್ಲಿ ಒಂಟಿ ತುಂಡುಗಳು, ಸುತ್ತಲಿನ ಹಾಳೆಗೆ ಅಂಟಿಕೊಂಡಿರೋದಿಲ್ಲ. ಒದ್ದೆ ಹತ್ತಿ ತಾಗಿದ ಕೂಡಲೇ ಅವೇ ಮೊದಲು ಕಿತ್ತು ಬರುತ್ತವೆ, ಸೊನ್ನೆ ಹೋಗಿ ಬೊಟ್ಟು ಆಗುತ್ತದೆ. ಅಕ್ಷರ 8 ಮಿಲಿಮೀಟರಿಗಿಂತ ಚಿಕ್ಕದು ಮಾಡಿಸಬೇಡಿ, ಇಲ್ಲವಾದರೆ ಗೆರೆಯಲ್ಲಿ ಸಣ್ಣ ಸೇತುವೆ ಬಿಡಿಸಿ, ಒಳತುಂಡು ಹೊರಗಿನದಕ್ಕೆ ಕಟ್ಟಿಕೊಂಡಿರಲಿ. ನಾನಾಗಿದ್ದರೆ ಸೇತುವೆಯೇ ಬಿಡಿಸುತ್ತಿದ್ದೆ, ನೋಡಲು ಚಂದವೂ ಹೌದು.

ಅಲಗನ್ನು ಕಾಯಿಸಿ ಹದ ಹಾಕಿ, ಉಜ್ಜಿ ಮುಗಿದ ಮೇಲೇ ಗುರುತು ಹಾಕಿ. ಮೊದಲೇ ಹಾಕಿದರೆ ಕುಲುಮೆಯ ಹೊಟ್ಟು (ಬಿಸಿಗೆ ಏಳುವ ಕಪ್ಪು ಪದರ) ಕೂತು ಹಾಳು. ಕಪ್ಪಗೆ ಬೇಕಿದ್ದರೆ ಡಿಸಿಯಲ್ಲಿ (ಅಡಾಪ್ಟರ್ ಕೊಡುವ ಒಂದೇ ದಿಕ್ಕಿನ ಕರೆಂಟ್) ಆಳ ಮಾಡಿಕೊಂಡು, ಕೊನೆಗೆ ಕೆಲವು ಸೆಕೆಂಡ್ ಎಸಿ (ದಿಕ್ಕು ಬದಲಿಸುತ್ತಿರುವ ಕರೆಂಟ್) ಕೊಡಿ. ಅದಕ್ಕೆ 12 ವೋಲ್ಟ್‌ನ ಟ್ರಾನ್ಸ್‌ಫಾರ್ಮರ್ ಬೇಕು, ಪುಣೆಯ ಎಲೆಕ್ಟ್ರಿಕಲ್ ಸಾಮಾನಿನ ಮಾರುಕಟ್ಟೆ ತಾಪಕೀರ್ ಗಲ್ಲಿಯಲ್ಲಿ ಕೇಳಿ ನೋಡಿ. ಗೋಡೆಯ 230 ವೋಲ್ಟ್ ಪ್ಲಗ್ಗಿನಿಂದ ನೇರ ತಂತಿ ಎಳೆಯುವ ಯೋಚನೆ ಕನಸಲ್ಲೂ ಬೇಡ.

ಪ್ರಶ್ನೆ: ಡೊಂಬಿವಲಿಯಿಂದ ಬರೀತಿದ್ದೇನೆ. ಹತ್ತಿ ಒತ್ತಿದರೆ ಅಲಗಿನ ಮೇಲೆ ಬುರಬುರ ನೊರೆ ಬರುತ್ತದೆ, ಆದರೆ ಗುರುತೇ ಬೀಳಲ್ಲ.

ಉತ್ತರ: ತಂತಿ ಅದಲುಬದಲಾಗಿದೆ. ಅಲಗಿಗೆ ಪ್ಲಸ್, ಹತ್ತಿಗೆ ಮೈನಸ್ ಬರಬೇಕು. ಪ್ಲಸ್ ಕಡೆಯ ಲೋಹ ಮಾತ್ರ ಕರಗುತ್ತದೆ, ಮೈನಸ್ ಕಡೆ ಸುಮ್ನೆ ಹೈಡ್ರೋಜನ್ ಗುಳ್ಳೆ. ಎರಡೂ ತಂತಿ ತುದಿಗಳನ್ನು ತಾಗದಂತೆ ಉಪ್ಪುನೀರಲ್ಲಿ ಅದ್ದಿ, ಗುಳ್ಳೆ ಜಾಸ್ತಿ ಬರುವುದು ಮೈನಸ್. ಕ್ಲಿಪ್ ಕಚ್ಚುವ ಜಾಗದಲ್ಲೂ ಕಪ್ಪು ಪದರ ಉಜ್ಜಿ, ಉಕ್ಕು ಹೊಳೆಯಬೇಕು. ಇದನ್ನೆಲ್ಲ ಕಿಟಕಿ ಪಕ್ಕ ಮಾಡಿ. ಉಪ್ಪುನೀರಿನಿಂದ ಸ್ವಲ್ಪ ಕ್ಲೋರಿನ್ ಕೂಡ ಬರುತ್ತದೆ, ಮುಚ್ಚಿದ ಒಂದು ರೂಮಿನ ಮನೆಗೆ ಅದು ಒಳ್ಳೆಯದಲ್ಲ. ಸ್ಟೇನ್‌ಲೆಸ್ ಅಲಗಾದರೆ ಕೈಗೆ ಗ್ಲೌಸ್ ಹಾಕಿ, ಕರಗುವ ಕ್ರೋಮಿಯಂ ವಿಷ. ಆ ನೀರನ್ನು ಸಿಂಕಿಗೆ ಸುರಿಯಬೇಡಿ.

ಪ್ರಶ್ನೆ: ಮಡಗಾಂವ್‌ನಲ್ಲಿದ್ದೇನೆ. ಗುರುತು ನೀಟಾಗಿ ಬಂತು, ಮಳೆಗಾಲದಲ್ಲಿ ಅಕ್ಷರದೊಳಗೇ ತುಕ್ಕು ಹಿಡಿಯಿತು. ತೆಂಗಿನೆಣ್ಣೆ ಹಚ್ಚಿದ್ದೆ.

ಉತ್ತರ: ಗೆರೆಯೊಳಗೆ ಉಪ್ಪು ಉಳಿದಿದೆ, ಅದರ ಮೇಲೆ ಎಣ್ಣೆ ಸವರಿದರೆ ಏನು ಪ್ರಯೋಜನ? ಕೆಲಸ ಮುಗಿದ ತಕ್ಷಣ ಅಡಿಗೆ ಸೋಡಾ ಕಲಸಿದ ನೀರಲ್ಲಿ ಹಳೇ ಟೂತ್‌ಬ್ರಶ್‌ನಿಂದ ಉಜ್ಜಿ, ಒಳ್ಳೆ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಆಮೇಲೆ ಎಣ್ಣೆ. ತೆಂಗಿನೆಣ್ಣೆ ದಿನ ಕಳೆದಂತೆ ಕಮಟುತ್ತದೆ. ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಹಚ್ಚಿ.