ಅಗಲದ ವೀಲ್ ಹಾಕಿದ ಮೇಲೆ ಹಿಂದಿನ ಬ್ರೇಕ್ ಉಜ್ಜುತ್ತಿದೆಯಾ? ಸ್ಪೋಕ್ ಮುಟ್ಟಬೇಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯ ಬೇರೆ ಬೇರೆ ವೇಷಗಳು. ಹಾಗಾಗಿ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಉಳಿದವಕ್ಕೆ ಒಂದೆರಡು ಸಾಲು ಸಾಕು. ಚಕ್ರ ಬಿಚ್ಚುವುದು, ಕೇಬಲ್ ಬೋಲ್ಟ್ ಸಡಿಲಿಸುವುದು ಗೊತ್ತಿದೆ ಅಂದುಕೊಂಡೇ ಬರೆಯುತ್ತಿದ್ದೇನೆ. ಗೊತ್ತಿಲ್ಲದವರು ಬ್ರೇಕ್‌ಗೆ ಕೈ ಹಾಕುವ ಮೊದಲು ಅದನ್ನು ಕಲಿಯಿರಿ.

ಪ್ರಶ್ನೆ: ನನ್ನದು ರಿಮ್ ಬ್ರೇಕ್ (ಪ್ಯಾಡ್ ಚಕ್ರದ ಹೊರಬಳೆಯನ್ನೇ, ಅಂದರೆ ರಿಮ್ಮನ್ನೇ ಒತ್ತಿ ಹಿಡಿಯುವ ಬ್ರೇಕ್) ಇರುವ ಹಳೆಯ ಟ್ರಯಥ್ಲಾನ್ ಸೈಕಲ್. ಹಿಂದಿನ ಬ್ರೇಕ್ ಚೈನ್‌ಸ್ಟೇ (ಪೆಡಲ್ ಕಡೆಯಿಂದ ಹಿಂದಿನ ಚಕ್ರದ ನಡುವಿಗೆ ಹೋಗುವ ಕೊಳವೆ) ಅಡಿಯಲ್ಲಿ, ಬಾಟಮ್ ಬ್ರ್ಯಾಕೆಟ್ (ಪೆಡಲ್‌ಗಳ ಅಚ್ಚು ತಿರುಗುವ ಜಾಗ) ಹಿಂದೆ ಇದೆ. ಮೊದಲು 19 ಮಿ.ಮೀ. ಅಗಲದ ರಿಮ್ ಇತ್ತು, ಈಗ 27 ಮಿ.ಮೀ. ಅಗಲದ ಡೀಪ್ (ರಿಮ್ ಎತ್ತರವಾಗಿರುವ) ಕಾರ್ಬನ್ ವೀಲ್ ಹಾಕಿದ್ದೇನೆ. ಸ್ಟ್ಯಾಂಡ್ ಮೇಲಿಟ್ಟು ತಿರುಗಿಸಿದರೆ ಎಲ್ಲೂ ತಾಗುವುದಿಲ್ಲ. ಏರು ಹತ್ತುವಾಗ ಎದ್ದು ನಿಂತು ತುಳಿದರೆ ಸರ್ ಸರ್ ಅಂತ ಉಜ್ಜುತ್ತದೆ. ಮೆಕ್ಯಾನಿಕ್ ನೋಡಿ, ವೀಲ್ ಮೆತ್ತಗಿದೆ, ಸ್ಪೋಕ್ ಬಿಗಿ ಮಾಡಿಸಿ ಅಂದರು. ಮಾಡಿಸಲಾ?

ಉತ್ತರ: ಬೇಡ. ಸ್ಪೋಕ್ ಕೀಯನ್ನು ಅವರ ಕೈಯಿಂದ ತಗೊಂಡು ಪಕ್ಕಕ್ಕಿಡಿ.

ಉಜ್ಜುವ ಸದ್ದು ಬಂದ ಕೂಡಲೇ ಎಲ್ಲರೂ ಸ್ಕ್ರೂ ತಿರುಗಿಸಲು ಶುರು ಮಾಡುತ್ತಾರೆ. ಅದಕ್ಕಿಂತ ಮೊದಲು ಆ ಸದ್ದು ಯಾವುದರ ಲೆಕ್ಕಕ್ಕೆ ಬರುತ್ತಿದೆ ಅಂತ ಕಿವಿಗೊಟ್ಟು ಕೇಳಬೇಕು. ಚಕ್ರ ಒಂದು ಸುತ್ತು ಬಂದಾಗ ಒಂದು ಸಲ ತಾಗಿದರೆ ರಿಮ್ ಬೆಂಡ್ ಇದೆ. ಒಂದೇ ಬದಿಯಲ್ಲಿ ಬಿಡದೆ ಉಜ್ಜಿದರೆ ಬ್ರೇಕ್ ನಡುವಿಗೆ ಕೂತಿಲ್ಲ, ಇಲ್ಲವೇ ಚಕ್ರ ಡ್ರಾಪ್‌ಔಟ್‌ನಲ್ಲಿ (ಆಕ್ಸಲ್ ಕೂರುವ ಫ್ರೇಮ್‌ನ ಸೀಳು) ಸರಿಯಾಗಿ ಕೂತಿಲ್ಲ, ಇಲ್ಲವೇ ರಿಮ್ಮೇ ಹಬ್‌ನ ನಡುವಿಗಿಲ್ಲ. ಎರಡೂ ಬದಿ ಒಟ್ಟಿಗೆ ಉಜ್ಜಿದರೆ ಬ್ರೇಕ್ ಸಾಕಷ್ಟು ತೆರೆದಿಲ್ಲ. ಕಾಲು ತುಳಿದಾಗೆಲ್ಲ ಉಜ್ಜಿ, ತುಳಿಯುವುದು ನಿಲ್ಲಿಸಿದರೆ ಸದ್ದೂ ನಿಂತರೆ, ಎಲ್ಲೋ ಬಳುಕುತ್ತಿದೆ ಅಂತ ಅರ್ಥ. ನಿಮ್ಮದು ಈ ಕೊನೆಯದು.

ಏನು ಬಳುಕುತ್ತಿದೆ? ಚಕ್ರ ಅಲ್ಲ. ಎದ್ದು ನಿಂತು ತುಳಿದಾಗ ಮೈಭಾರವೆಲ್ಲ ಒಂದೊಂದೇ ಪೆಡಲ್ ಮೇಲೆ ಬೀಳುತ್ತದೆ, ಬಾಟಮ್ ಬ್ರ್ಯಾಕೆಟ್ ಎಡಕ್ಕೂ ಬಲಕ್ಕೂ ಒಂಚೂರು ಓಲಾಡುತ್ತದೆ, ಎಂಥ ಕಾರ್ಬನ್ ಫ್ರೇಮ್ ಆದರೂ ಅಷ್ಟೇ. ನಿಮ್ಮ ಬ್ರೇಕ್ ಕೂತಿರುವುದು ಅದರ ಬೆನ್ನಿಗೇ, ಹಾಗಾಗಿ ಅದೂ ಜೊತೆಗೇ ಓಲುತ್ತದೆ. ಚಕ್ರವನ್ನು ಹಿಡಿದಿರುವುದು ಹಿಂದಿನ ಆಕ್ಸಲ್. ಅದು ಅಷ್ಟು ಓಲುವುದಿಲ್ಲ. ಅಂದರೆ ಇಲ್ಲಿ ಚಕ್ರ ಬಂದು ಪ್ಯಾಡ್‌ಗೆ ತಾಗುತ್ತಿಲ್ಲ, ಪ್ಯಾಡೇ ಹೋಗಿ ಚಕ್ರಕ್ಕೆ ತಾಗುತ್ತಿದೆ.

ಸೀಟ್‌ಸ್ಟೇ ಮೇಲೆ, ಸೀಟಿನ ಕೆಳಗೆ ಬ್ರೇಕ್ ಇದ್ದಿದ್ದರೆ ಮಾತು ಬೇರೆ. ನೆಲ ಚಕ್ರದ ತುದಿಯನ್ನು ಪಕ್ಕಕ್ಕೆ ನೂಕಿದಾಗ ಗಟ್ಟಿಯಾದ ಡೀಪ್ ರಿಮ್ ಬಾಗುವುದಿಲ್ಲ, ಇಡೀ ಬಳೆಯೇ ವಾಲುತ್ತದೆ. ಕೆಳಗೆ ಎಡಕ್ಕೆ ಹೋದರೆ ಮೇಲೆ ಬಲಕ್ಕೆ. ಅದಕ್ಕೇ ದುಬಾರಿ ಡೀಪ್ ವೀಲ್ ಹಾಕಿದವರು, ಹಳೇ ವೀಲೇ ಉಜ್ಜುತ್ತಿರಲಿಲ್ಲ ಅಂತ ಗೊಣಗುವುದು. ರಿಮ್ ಮೆತ್ತಗಿರುವುದರಿಂದ ಅಲ್ಲ, ಗಟ್ಟಿ ಇರುವುದರಿಂದಲೇ ಮೇಲೆ ಉಜ್ಜುತ್ತದೆ. ನಿಮ್ಮ ಬ್ರೇಕ್ ಇರುವ ಜಾಗ ಹೆಚ್ಚುಕಮ್ಮಿ ಆಕ್ಸಲ್‌ನ ಎತ್ತರದಲ್ಲೇ ಇದೆ. ಚಕ್ರ ವಾಲಿದರೂ ಅಲ್ಲಿ ರಿಮ್ ಪಕ್ಕಕ್ಕೆ ಸರಿಯುವುದು ತೀರಾ ಕಡಿಮೆ. ಆದ್ದರಿಂದ ಸ್ಪೋಕ್ ದೂರುವುದು ಕುಣಿಯಲಾರದವಳು ನೆಲ ಡೊಂಕು ಅಂದಂತೆ.

ಇನ್ನೊಂದು ಮಾತು. ಸ್ಪೋಕ್ ಹೆಚ್ಚು ಬಿಗಿ ಮಾಡಿದರೆ ಚಕ್ರ ಹೆಚ್ಚು ಗಟ್ಟಿ ಆಗುತ್ತದೆ ಅನ್ನುವುದೇ ಸುಳ್ಳು. ಓಡುವಾಗ ಯಾವ ಸ್ಪೋಕೂ ಪೂರ್ತಿ ಸಡಿಲ ಆಗದಷ್ಟು ಬಿಗಿ ಇದ್ದರೆ ಸಾಕು, ಅದರ ಮೇಲೆ ಎಷ್ಟು ಬಿಗಿದರೂ ಪಕ್ಕದ ಬಳುಕು ಕಡಿಮೆ ಆಗುವುದಿಲ್ಲ. ಆಗುವುದೇನೆಂದರೆ, ಮಿತಿ ಮೀರಿದ ಎಳೆತಕ್ಕೆ ಕಾರ್ಬನ್ ರಿಮ್‌ನ ಸ್ಪೋಕ್ ತೂತುಗಳ ಸುತ್ತ ಬಿರುಕು.

ಹಳೆಯ ವೀಲ್‌ನಲ್ಲಿ ಯಾಕೆ ಉಜ್ಜಲಿಲ್ಲ ಅಂತ ಕೇಳುತ್ತೀರಿ. ಬಳುಕು ಆಗಲೂ ಇಷ್ಟೇ ಇತ್ತು, ಜಾಗ ಜಾಸ್ತಿ ಇತ್ತು. 19 ಹೋಗಿ 27 ಬಂದರೆ 8 ಮಿ.ಮೀ. ಹೆಚ್ಚು, ಅಂದರೆ ಬದಿಗೆ 4. ಆ ಕಾಲದ ಬ್ರೇಕ್‌ಗಳನ್ನು ಅಷ್ಟು ಅಗಲಕ್ಕೆ ಅಂತ ಮಾಡಿರಲಿಲ್ಲ. ನೀವು ಬ್ಯಾರೆಲ್ ಅಡ್ಜಸ್ಟರ್ (ಕೇಬಲ್ ಬಿಗಿ ಸಡಿಲ ಮಾಡುವ ತಿರುಪು) ಪೂರ್ತಿ ಒಳಗೆ ತಿರುಗಿಸಿ, ಪ್ಯಾಡ್ ರಿಮ್‌ಗೆ ತಾಗದ ಹಾಗೆ ಹೇಗೋ ಕೂರಿಸಿದ್ದೀರಿ. ಅದಕ್ಕೇ ಸ್ಟ್ಯಾಂಡ್ ಮೇಲೆ ಎಲ್ಲ ಚೆನ್ನ. ಪ್ಯಾಡ್‌ಗೂ ರಿಮ್‌ಗೂ ನಡುವೆ ಈಗ ಕೂದಲೆಳೆಯಷ್ಟೇ ಜಾಗ ಇದೆ ಅಲ್ವಾ? ಚೈನ್‌ಸ್ಟೇ ಬ್ರೇಕ್‌ಗೆ ನಾನು ಬದಿಗೆ 2 ಮಿ.ಮೀ.ಗಿಂತ ಕಡಿಮೆ ಬಿಡುವುದಿಲ್ಲ. ಆ ಜಾಗವನ್ನು ಹುಡುಕುವುದೇ ನಿಮ್ಮ ಕೆಲಸ.

ಶುರು ಮಾಡುವುದು ಬ್ರೇಕ್‌ನಿಂದ ಅಲ್ಲ, ಆಕ್ಸಲ್‌ನಿಂದ. ಟ್ರಯಥ್ಲಾನ್ ಫ್ರೇಮ್‌ಗಳಲ್ಲಿ ಡ್ರಾಪ್‌ಔಟ್ ಹಿಂದಕ್ಕೆ ತೆರೆದಿರುವುದು ಮಾಮೂಲು. ಜೋರಾಗಿ ತುಳಿದಾಗ ಚೈನ್ ಬಲಗಡೆಯ ಆಕ್ಸಲ್ ತುದಿಯನ್ನು ಮುಂದಕ್ಕೆ ಎಳೆಯುತ್ತದೆ, ಚಕ್ರದ ಮುಂಭಾಗ ಎಡಕ್ಕೆ ತಿರುಗುತ್ತದೆ. ಎಡ ಪ್ಯಾಡ್ ಒಂದೇ ಉಜ್ಜುತ್ತಿದ್ದರೆ, ಏರು ಮುಗಿದ ಮೇಲೂ ಉಜ್ಜುತ್ತಲೇ ಇದ್ದರೆ, ಆಕ್ಸಲ್ ಜಾರಿದೆ. ತೂಕ ಉಳಿಸಲು ಹಾಕುವ ತೆಳ್ಳನೆಯ ಕ್ವಿಕ್ ರಿಲೀಸ್‌ಗಳು (ಲಿವರ್ ಮಡಚಿ ಆಕ್ಸಲ್ ಬಿಗಿಯುವ ಸರಳು) ಇಂಥ ಡ್ರಾಪ್‌ಔಟ್‌ಗೆ ಲಾಯಕ್ಕಲ್ಲ. ಕ್ಯಾಮ್ ಒಳಗಡೆ ಇರುವ ಹಳೇ ಮಾದರಿಯ ಸ್ಟೀಲ್ ಕ್ವಿಕ್ ರಿಲೀಸ್ ಹಾಕಿ. ಮುಚ್ಚಿದಾಗ ಲಿವರ್‌ನ ಅಚ್ಚು ಅಂಗೈ ಮೇಲೆ ಮೂಡಬೇಕು. ಡ್ರಾಪ್‌ಔಟ್‌ನಲ್ಲಿ ಪುಟ್ಟ ಸ್ಕ್ರೂಗಳಿದ್ದರೆ ಆಕ್ಸಲ್ ಎರಡೂ ಕಡೆ ಅವಕ್ಕೆ ತಾಗಿ ಕೂತಿದೆಯಾ ನೋಡಿ. ಹಾಗೇ ರಿಮ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಟಕ್ ಟಕ್ ಅಂದರೆ ಹಬ್‌ನ ಬೇರಿಂಗ್ ಸಡಿಲ, ಮೊದಲು ಅದನ್ನು ಸರಿ ಮಾಡಿಸಿ.

ಚಕ್ರ ನಡುವಿಗಿದೆಯಾ ಅಂತ ತಿಳಿಯಲು ಸಲಕರಣೆ ಬೇಡ. ಚೈನ್ ಪಕ್ಕಕ್ಕಿಟ್ಟು ಚಕ್ರವನ್ನು ಎಡಬಲ ಮಾಡಿ ಹಾಕಿ. ಜಾಗದ ಹೆಚ್ಚುಕಮ್ಮಿ ಇನ್ನೊಂದು ಬದಿಗೆ ಹೋದರೆ ತಪ್ಪು ಚಕ್ರದ್ದು. ಅದೇ ಬದಿಯಲ್ಲಿ ಉಳಿದರೆ ಫ್ರೇಮ್ ಅಥವಾ ಬ್ರೇಕ್‌ನದ್ದು.

ಈಗ ಬ್ರೇಕ್. ಪ್ಯಾಡ್‌ನ ಹಿಂದೆ, ಅದನ್ನು ಹೊತ್ತ ಬ್ರೇಕ್ ತೋಳಿನ ಎರಡೂ ಬದಿಗೆ ಬಟ್ಟಲಿನ ಆಕಾರದ ವಾಷರ್‌ಗಳು ಇವೆಯಾ ನೋಡಿ. ಮಿನಿ-ವಿ ಥರದ, ಎರಡು ಬಿಡಿ ತೋಳುಗಳಿರುವ ಬ್ರೇಕ್‌ಗಳಲ್ಲಿ ಇರುತ್ತವೆ, ಒಂದು ದಪ್ಪ, ಒಂದು ತೆಳು. ದಪ್ಪದ್ದು ಒಳಗಡೆ, ಅಂದರೆ ಪ್ಯಾಡ್ ಮತ್ತು ತೋಳಿನ ನಡುವೆ ಇದ್ದರೆ ಅದನ್ನು ಹೊರಕ್ಕೆ ಹಾಕಿ, ತೆಳುವನ್ನು ಒಳಕ್ಕೆ ತನ್ನಿ. ಎರಡೂ ಪ್ಯಾಡ್‌ಗೆ ಹಾಗೇ ಮಾಡಿ. ಒಂದು ಬಿಡಿಭಾಗವನ್ನೂ ಕೊಳ್ಳದೆ ಒಂದೊಂದು ಬದಿಗೂ ಎರಡು ಮೂರು ಮಿ.ಮೀ. ಸಿಗುತ್ತದೆ. ಎಷ್ಟೋ ಸೈಕಲ್‌ಗಳ ಕಾಯಿಲೆ ಇಲ್ಲಿಗೇ ವಾಸಿ.

ನಿಮ್ಮದು ಮಾಮೂಲಿ ಕ್ಯಾಲಿಪರ್ (ಎರಡೂ ತೋಳು ಸೇರಿ ಒಂದೇ ಘಟಕ ಆಗಿರುವ ಬ್ರೇಕ್) ಆಗಿದ್ದರೆ ಈ ಅನುಕೂಲ ಇಲ್ಲ. ತೆಳು ಪ್ಯಾಡ್ ಹಾಕಿ, ಕೇಬಲ್ ಬೋಲ್ಟ್ ಸಡಿಲಿಸಿ ಕೇಬಲ್ ಸ್ವಲ್ಪ ಬಿಡಿ, ಮತ್ತೆ ಬಿಗಿ ಮಾಡಿ. ಇಲ್ಲೊಂದು ಎಚ್ಚರ. ಬೋಲ್ಟ್ ಹಿಂದೆ ಕಚ್ಚಿದ್ದ ಜಾಗದಲ್ಲಿ ಕೇಬಲ್ ಚಪ್ಪಟೆ ಆಗಿರುತ್ತದೆ. ಕೇಬಲ್ ಬಿಟ್ಟಾಗ ಆ ಚಪ್ಪಟೆ ಜಾಗ ಬೋಲ್ಟ್‌ನಿಂದ ಆಚೆ, ಎಳೆತ ಬೀಳುವ ಕಡೆಗೆ ಬರುತ್ತದೆ. ಅಲ್ಲಿ ಒಂದೇ ಒಂದು ಎಳೆ ಬಿಟ್ಟಿದ್ದರೂ ಹೊಸ ಕೇಬಲ್ ಹಾಕಿ. ಚೌಕಾಸಿ ಬೇಡ. ಕೇಬಲ್‌ನ ಹೊರಕವಚ ತೀರಾ ಗಿಡ್ಡ ಆಗಿ ಸೆಟೆದು ನಿಂತಿದ್ದರೆ ಅದೂ ಬ್ರೇಕನ್ನು ಒಂದು ಬದಿಗೆ ನೂಕುತ್ತಿರುತ್ತದೆ, ನೀವು ಸುಮ್ನೆ ಬ್ರೇಕ್ ನಡುವಿಗೆ ತರುವ ಸೆಂಟರಿಂಗ್ ಸ್ಕ್ರೂ ಜೊತೆ ಗುದ್ದಾಡುತ್ತಿರುತ್ತೀರಿ.

ತೋಳು ಹೆಚ್ಚು ತೆರೆದ ಮೇಲೆ ಪ್ಯಾಡ್ ರಿಮ್‌ಗೆ ಬಡಿಯುವ ಜಾಗವೂ ಬದಲಾಗುತ್ತದೆ. ಲಿವರ್ ಒತ್ತಿ ಹಿಡಿದು ಟಾರ್ಚ್ ಹಾಕಿ ನೋಡಿ. ಪ್ಯಾಡ್‌ನ ಅಂಚು ಟೈರ್‌ಗೆ ತಾಗಿದರೆ ಟೈರ್ ಪಕ್ಕ ಕೊಯ್ದು ಸಿಡಿಯುತ್ತದೆ, ಬ್ರೇಕ್ ಪಟ್ಟಿಯಿಂದ (ರಿಮ್‌ನಲ್ಲಿ ಪ್ಯಾಡ್ ತಾಗಬೇಕಾದ ಪಟ್ಟಿ) ಆಚೆ ಜಾರಿದರೆ ಹಿಡಿಯುವುದೇ ಇಲ್ಲ.

ಕೊನೆಗೆ ಲಿವರ್. ಬ್ರೇಕ್ ಹೆಚ್ಚು ತೆರೆದಷ್ಟೂ ಲಿವರ್ ಹೆಚ್ಚು ದೂರ ಬರಬೇಕು. ಬೇಸ್‌ಬಾರ್ (ಟ್ರಯಥ್ಲಾನ್ ಹ್ಯಾಂಡಲ್‌ನ ಅಡ್ಡ ಸರಳು) ತುದಿಯ ಆ ಪುಟ್ಟ ಲಿವರ್‌ಗಳಿಗೆ ಮೊದಲೇ ಓಡಾಟ ಕಡಿಮೆ. ಗಟ್ಟಿಯಾಗಿ ಒತ್ತಿದಾಗ ಲಿವರ್ ಬಾರ್‌ಗೆ ತಾಗುವ ಮೊದಲೇ ಚಕ್ರ ಕಚ್ಚಿ ನಿಲ್ಲಬೇಕು, ನಡುವೆ ಒಂದು ಬೆರಳಷ್ಟು ಜಾಗ ಉಳಿಯಬೇಕು. ಉಳಿಯದಿದ್ದರೆ ಆ ಸೈಕಲ್ ರಸ್ತೆಗೆ ಇಳಿಸಬೇಡಿ. ಉಜ್ಜುವ ಸದ್ದು ಹೋಯಿತು ಅಂತ ಖುಷಿಪಟ್ಟು ಇಳಿಜಾರಿನಲ್ಲಿ ಬ್ರೇಕ್ ಇಲ್ಲದೆ ಹೋಗುವವರ ಬಗ್ಗೆ ನನಗೆ ಮರುಕ ಇಲ್ಲ.

ಇಷ್ಟೆಲ್ಲ ಮಾಡಿಯೂ ಬದಿಗೆ 2 ಮಿ.ಮೀ. ಸಿಗಲಿಲ್ಲವಾದರೆ ಈ ಬ್ರೇಕ್‌ಗೆ ಈ ವೀಲ್ ಹೊಂದುವುದಿಲ್ಲ, ಅಷ್ಟೇ. ಅಗಲ ರಿಮ್‌ಗೆ ಅಂತಲೇ ಮಾಡಿದ, ನಿಮ್ಮ ಫ್ರೇಮ್‌ನ ತೂತಿಗೆ ಕೂರುವ ಬ್ರೇಕ್ ಸಿಕ್ಕರೆ ಹಾಕಿ, ಸಿಗದಿದ್ದರೆ ಕಿರಿದಾದ ವೀಲ್‌ಗೆ ವಾಪಸ್ ಹೋಗಿ. ಕ್ಯಾಲಿಪರ್ ತೋಳನ್ನು ವೈಸ್‌ಗೆ ಸಿಕ್ಕಿಸಿ ಬಗ್ಗಿಸಿ ಅಗಲ ಮಾಡಿಕೊಡುತ್ತೇವೆ ಅನ್ನುವ ಮಹಾನುಭಾವರು ಇದ್ದಾರೆ. ಅವರ ಹತ್ತಿರ ಸೈಕಲ್ ಬಿಟ್ಟು ಬರಬೇಡಿ. ಬಗ್ಗಿಸಿದ ಅಲ್ಯುಮಿನಿಯಂ ಇವತ್ತು ಮುರಿಯುವುದಿಲ್ಲ, ನೀವು ಜೀವ ಹಿಡಿದು ಬ್ರೇಕ್ ಒತ್ತಿದ ದಿನ ಮುರಿಯುತ್ತದೆ.

ಪ್ರಶ್ನೆ: ಸ್ವಲ್ಪ ಉಜ್ಜಿದರೆ ಏನಾಯ್ತು, ಪ್ಯಾಡ್ ಸವೆದು ತಾನಾಗೇ ಸರಿ ಹೋಗುತ್ತದೆ ಅನ್ನುತ್ತಾರೆ, ನಿಜವಾ?

ಉತ್ತರ: ಪ್ಯಾಡ್ ಜೊತೆ ರಿಮ್ಮೂ ಸವೆಯುತ್ತದೆ ಅನ್ನುವುದನ್ನು ಅವರು ಹೇಳಲಿಲ್ಲವೇನೋ.

ಪ್ರಶ್ನೆ: ರೇಸ್‌ಗೆ ಮಾತ್ರ ಬ್ರೇಕ್‌ನ ಕ್ವಿಕ್ ರಿಲೀಸ್ (ಬ್ರೇಕ್ ತೋಳು ಅಗಲ ಮಾಡುವ ಸಲಕರಣೆ) ತೆರೆದಿಟ್ಟು ಹೋಗಬಹುದಾ? ಅಥವಾ ಹಿಂದಿನ ಬ್ರೇಕನ್ನೇ ತೆಗೆದುಬಿಟ್ಟರೆ?

ಉತ್ತರ: ತೆರೆದಿಡುವುದು ದಾರಿಯಲ್ಲಿ ಸ್ಪೋಕ್ ಮುರಿದಾಗ ಮನೆ ಸೇರಲು ಇರುವ ಉಪಾಯ. ಬ್ರೇಕ್ ತೆಗೆಯುವ ಮಾತಂತೂ ಬಿಡಿ. ಟ್ರಯಥ್ಲಾನ್ ನಿಯಮದ ಪ್ರಕಾರ ಎರಡೂ ಚಕ್ರಕ್ಕೆ ಬ್ರೇಕ್ ಇರಲೇಬೇಕು, ಇಲ್ಲದಿದ್ದರೆ ಸ್ಟಾರ್ಟ್ ಲೈನ್ ಕೂಡ ನೋಡುವುದಿಲ್ಲ.

ಪ್ರಶ್ನೆ: ಹಳೇ ಪ್ಯಾಡ್ ಅನ್ನೇ ಸ್ಯಾಂಡ್ ಪೇಪರ್‌ಗೆ ಉಜ್ಜಿ ತೆಳು ಮಾಡಿ ಹೊಸ ಕಾರ್ಬನ್ ವೀಲ್‌ಗೆ ಬಳಸಬಹುದಾ?

ಉತ್ತರ: ಅಲ್ಯುಮಿನಿಯಂ ರಿಮ್ ಮೇಲೆ ಓಡಿದ ಪ್ಯಾಡ್ ಅನ್ನು ಬೆಳಕಿಗೆ ಹಿಡಿದು ನೋಡಿ, ಹೊಳೆಯುವ ಚೂರುಗಳು ಕಾಣುತ್ತವೆ. ಅವು ಲೋಹದ ಚೂರುಗಳು. ಕಾರ್ಬನ್ ಮೇಲೆ ಹಾಕಿದರೆ ಗೀರು ಗ್ಯಾರಂಟಿ. ಅದೂ ಅಲ್ಲದೆ ಕಾರ್ಬನ್ ರಿಮ್‌ಗೆ ಬೇರೆಯದೇ ಪ್ಯಾಡ್ ಬೇಕು. ವೀಲ್ ತಯಾರಿಸಿದವರು ಯಾವುದು ಹೇಳಿದ್ದಾರೋ ಅದನ್ನೇ ಹಾಕಿ. ಟ್ರೈನಿಂಗ್‌ಗೆ ಒಂದು, ರೇಸ್‌ಗೆ ಒಂದು ವೀಲ್ ಇಟ್ಟುಕೊಂಡವರು ಎರಡರ ಅಗಲವೂ ಒಂದೇ ಇರುವ ಹಾಗೆ ನೋಡಿಕೊಳ್ಳಿ. ಇಲ್ಲದಿದ್ದರೆ ಪ್ರತಿ ರೇಸ್‌ನ ಹಿಂದಿನ ರಾತ್ರಿ ನನಗೆ ಇದೇ ಪ್ರಶ್ನೆ ಬರೆಯುತ್ತಿರುತ್ತೀರಿ.

ಪ್ರಶ್ನೆ: ಬ್ರೇಕ್ ತಾಗುತ್ತಿಲ್ಲ, ಆದರೂ ಉಜ್ಜುವ ಸದ್ದು ಬರುತ್ತಿದೆ. ಟೈರ್ ಅದೇ ಹಳೇ 25 ಮಿ.ಮೀ. ಅಗಲದ್ದು.

ಉತ್ತರ: ಟೈರ್ ಮೇಲೆ 25 ಅಂತ ಬರೆದಿರುತ್ತದೆ ಅಷ್ಟೇ. ಒಳಗಿನ ಅಗಲ ಜಾಸ್ತಿ ಇರುವ ರಿಮ್ ಮೇಲೆ ಅದೇ ಟೈರ್ ಹಿಗ್ಗಿ 27ರ ಹತ್ತಿರ ಹೋಗಬಹುದು. ಗಾಳಿ ತುಂಬಿಸಿ ವರ್ನಿಯರ್ ಹಿಡಿದು ಅಳೆಯಿರಿ. ಈ ಫ್ರೇಮ್‌ಗಳಲ್ಲಿ ಸೀಟ್ ಟ್ಯೂಬ್ ಟೈರ್‌ನ ಬೆನ್ನಿಗೇ ಅಂಟಿಕೊಂಡಂತಿರುತ್ತದೆ. ಅಲ್ಲಿ ಬಣ್ಣ ಕಿತ್ತುಹೋಗಿದ್ದರೆ ಉತ್ತರ ಸಿಕ್ಕಿತು. ಕೆಲವು ಡೀಪ್ ರಿಮ್‌ಗಳು ಬ್ರೇಕ್ ಪಟ್ಟಿಗಿಂತ ಕೆಳಗೆ ಉಬ್ಬಿರುತ್ತವೆ, ಆ ಉಬ್ಬು ಚೈನ್‌ಸ್ಟೇಗೋ ಬ್ರೇಕ್‌ನ ಮುಚ್ಚಳಕ್ಕೋ ತಾಗುತ್ತಿರಬಹುದು, ಅದನ್ನೂ ನೋಡಿ.

ಪ್ರಶ್ನೆ: ಇದೇ ಫ್ರೇಮ್‌ಗೆ ಡಿಸ್ಕ್ ಬ್ರೇಕ್ ಹಾಕಿಸಿಬಿಡಲಾ?

ಉತ್ತರ: ಆಗಲ್ಲ. ಕ್ಯಾಲಿಪರ್ ಕೂರಿಸಲು ಫ್ರೇಮ್‌ನಲ್ಲಿ ಜಾಗವೇ ಇಲ್ಲ.

ಪ್ರಶ್ನೆ: ಪ್ಯಾಡ್‌ಗೆ ಒಂಚೂರು ಎಣ್ಣೆ ಸವರಿದರೆ ಸದ್ದು ನಿಲ್ಲುತ್ತಾ?

ಉತ್ತರ: ಸದ್ದು ನಿಲ್ಲುತ್ತದೆ. ಸೈಕಲ್ ನಿಲ್ಲುವುದಿಲ್ಲ.